ಮೂಳೆಯಲ್ಲಿ ಕೀವು, ಮೂತ್ರದಲ್ಲಿ ನೊರೆ: ಇವೆರಡಕ್ಕೆ ಏನು ನಂಟು?

ಪ್ರಶ್ನೆ: ನಮ್ಮ ತಂದೆಗೆ 61 ವರ್ಷ, ಶುಗರ್ ಇದೆ. ಎರಡು ವರ್ಷದ ಹಿಂದೆ ಬೈಕಿನಿಂದ ಬಿದ್ದು ಮೊಣಕಾಲಿನ ಕೆಳಗಿನ ಮೂಳೆ ಮುರಿದು ಚರ್ಮ ಹರಿದು ಹೊರಗೆ ಬಂದಿತ್ತು. ರಾಡ್ ಹಾಕಿದರು. ಆಮೇಲಿಂದ ಒಂದು ಸಣ್ಣ ತೂತಿನಿಂದ ಕೀವು ಬರುತ್ತಲೇ ಇದೆ. ಮಾತ್ರೆ ತಗೊಂಡರೆ ನಿಲ್ಲುತ್ತದೆ, ಬಿಟ್ಟರೆ ಮತ್ತೆ ಶುರು. ಈಗ ಒಂದು ತಿಂಗಳಿಂದ ಎರಡೂ ಪಾದ ಊದಿವೆ, ಮೂತ್ರದಲ್ಲಿ ನೊರೆ. ಕಿಡ್ನಿ ಡಾಕ್ಟರು ‘ಮೂಳೆ ಸೋಂಕಿನಿಂದ ಇಮ್ಯೂನ್ ಕಾಂಪ್ಲೆಕ್ಸ್ ಆಗಿ ಕಿಡ್ನಿಯಲ್ಲಿ ಕೂತಿರಬಹುದು’ ಅಂದರು. ನಮ್ಮನ್ನು ಕಾಯಬೇಕಾದ ಆಂಟಿಬಾಡಿಯೇ ತೊಂದರೆ ಕೊಡುತ್ತಾ ಸರ್? ರೋಗನಿರೋಧಕ ಶಕ್ತಿ ಜಾಸ್ತಿ ಮಾಡಬೇಕಾ, ಕಮ್ಮಿ ಮಾಡಬೇಕಾ? ಇಮ್ಯೂನ್ ಕಾಂಪ್ಲೆಕ್ಸ್ ಟೆಸ್ಟ್ ಅಂತ ಒಂದಿದೆಯಂತೆ, ಮಾಡಿಸಬೇಕಾ? ನಂಜು ಅಂತ ಮೊಟ್ಟೆ, ಬದನೆಕಾಯಿ, ಕಡಲೆಕಾಯಿ ಎಲ್ಲ ನಿಲ್ಲಿಸಿದ್ದೇವೆ.

ಉತ್ತರ: ಜಾಸ್ತಿಯೂ ಮಾಡಬೇಡಿ, ಕಮ್ಮಿಯೂ ಮಾಡಬೇಡಿ. ಮೊದಲು ಕಾಲಿನ ಮೂಳೆ ಸ್ವಚ್ಛ ಮಾಡಿಸಿ. ನನ್ನ ಉತ್ತರ ಇಷ್ಟೇ. ಯಾಕೆ ಅನ್ನುವುದನ್ನು ಮಾತ್ರ ನಿಧಾನವಾಗಿ ಹೇಳುತ್ತೇನೆ, ಯಾಕೆಂದರೆ ಕಾರಣ ತಿಳಿಯದೆ ಇನ್ನೊಂದು ಆಪರೇಶನ್‌ಗೆ ಯಾರೂ ಮನಸ್ಸು ಮಾಡುವುದಿಲ್ಲ, ಅದರಲ್ಲೂ ಎರಡು ವರ್ಷ ಡ್ರೆಸ್ಸಿಂಗ್ ಕಟ್ಟಿ ಕಟ್ಟಿ ಸುಸ್ತಾಗಿರುವ ಮನೆಯವರು.

ನಾನು ಮೂಳೆ ಡಾಕ್ಟರು. ವರ್ಷಗಟ್ಟಲೆ ಕೀವು ಸೋರುವ ಕಾಲುಗಳನ್ನು ನೋಡುತ್ತಾ ಬಂದಿದ್ದೇನೆ. ಕಾಲಿನ ಸೋಂಕು ಕಿಡ್ನಿಗೆ ಹೇಗೆ ಹೋಯಿತು, ಕೀವು ರಕ್ತದಲ್ಲಿ ಹರಿದು ಹೋಯಿತಾ ಅಂತ ಎಲ್ಲರೂ ಕೇಳುತ್ತಾರೆ. ಆಂಟಿಬಾಡಿಯ ಬಗ್ಗೆ ಕೇಳಿದವರು ಕಡಿಮೆ. ನೀವು ಸರಿಯಾದ ಜಾಗಕ್ಕೇ ಕೈ ಹಾಕಿದ್ದೀರಿ.

ಇಮ್ಯೂನ್ ಕಾಂಪ್ಲೆಕ್ಸ್ ಅನ್ನುವುದು ರೋಗದ ಹೆಸರಲ್ಲ. ಹೊರಗಿನ ಒಂದು ವಸ್ತುವಿಗೆ ನಮ್ಮ ಆಂಟಿಬಾಡಿ, ಅಂದರೆ ಹೊರಗಿನದನ್ನು ಹಿಡಿಯಲು ಮೈ ಮಾಡಿಕೊಳ್ಳುವ ಪ್ರೋಟೀನ್, ಅಂಟಿಕೊಂಡಾಗ ಆಗುವ ಗಂಟು ಅದು. ಆ ಹೊರಗಿನ ವಸ್ತುವಿಗೆ ಆಂಟಿಜೆನ್ ಅಂತಾರೆ. ಬ್ಯಾಕ್ಟೀರಿಯಾದ ಗೋಡೆಯ ಚೂರಿರಬಹುದು, ಅದು ಹೊರಗೆ ಬಿಟ್ಟ ಪ್ರೋಟೀನ್ ಇರಬಹುದು, ಅದರ ವಿಷ ಇರಬಹುದು. ಶೀತ ಆದಾಗ, ವಸಡು ಊದಿದಾಗ, ನಮಗೆ ಗೊತ್ತೇ ಆಗದ ಹಾಗೆ ಇಂಥ ಗಂಟುಗಳು ಮೈಯಲ್ಲಿ ಆಗುತ್ತವೆ, ಹೋಗುತ್ತವೆ. ಅವು ಹೋಗುವ ದಾರಿ ನೋಡಿ, ಎಷ್ಟು ಅಚ್ಚುಕಟ್ಟು! ರಕ್ತದಲ್ಲಿ ಕಾಂಪ್ಲಿಮೆಂಟ್ ಅನ್ನುವ ಪ್ರೋಟೀನುಗಳ ಗುಂಪಿದೆ, ಅದರಲ್ಲಿ ಸಿ3 ಮುಖ್ಯವಾದದ್ದು. ಗಂಟು ಕಂಡ ಕೂಡಲೇ ಸಿ3ಯ ಒಂದು ತುಂಡು ಅದರ ಮೇಲೆ ಹೋಗಿ ಕೂರುತ್ತದೆ, ಪಾರ್ಸೆಲ್ ಮೇಲೆ ಚೀಟಿ ಅಂಟಿಸಿದ ಹಾಗೆ. ಕೆಂಪು ರಕ್ತಕಣದ ಮೈಮೇಲೆ ಆ ಚೀಟಿ ಹಿಡಿಯುವ ಕೊಕ್ಕೆಗಳಿವೆ. ಕಣ ಆ ಗಂಟನ್ನು ಹೊತ್ತುಕೊಂಡು ಲಿವರ್‌ಗೋ ಸ್ಪ್ಲೀನ್‌ಗೋ ಹೋಗುತ್ತದೆ, ಅಲ್ಲಿನ ದೊಡ್ಡ ಕಣಗಳು ಗಂಟನ್ನು ಕಿತ್ತುಕೊಂಡು ನುಂಗುತ್ತವೆ, ಕೆಂಪು ಕಣ ಖಾಲಿಯಾಗಿ ರಕ್ತಕ್ಕೆ ವಾಪಸ್ ಬರುತ್ತದೆ. ಕೆಂಪು ಕಣ ಅಂದರೆ ಆಮ್ಲಜನಕ ಹೊರುವುದಕ್ಕೆ ಮಾತ್ರ ಅಂತ ಶಾಲೆಯಲ್ಲಿ ಓದಿದ್ದೇವೆ ಅಲ್ವಾ? ಕಸದ ಗಾಡಿಯ ಕೆಲಸವನ್ನೂ ಅದೇ ಮಾಡುತ್ತದೆ.

ಹಾಗಾದರೆ ತೊಂದರೆ ಯಾವಾಗ? ಗಂಟಿನ ಅಳತೆ ಕೆಟ್ಟಾಗ. ಒಂದು ಸಾಮಾನ್ಯ ಆಂಟಿಬಾಡಿಗೆ ಎರಡು ಕೈ. ಒಂದು ಆಂಟಿಜೆನ್‌ಗೆ ಹಿಡಿಯಲು ಸಿಗುವ ಜಾಗ ಹಲವು. ಎರಡೂ ಸರಿಸಮ ಇದ್ದರೆ ಒಂದರ ಕೈ ಇನ್ನೊಂದು ಹಿಡಿದು, ಅದರ ಕೈ ಮತ್ತೊಂದು ಹಿಡಿದು, ದೊಡ್ಡ ಬಲೆ ಆಗುತ್ತದೆ. ದೊಡ್ಡ ಬಲೆಯನ್ನು ಮೈ ಬೇಗ ನುಂಗಿಬಿಡುತ್ತದೆ. ಆದರೆ ಆಂಟಿಜೆನ್ ಬಂದಷ್ಟೂ ಬರುತ್ತಾ ಇದ್ದರೆ ಪ್ರತಿ ಆಂಟಿಬಾಡಿಯ ಎರಡೂ ಕೈ ತುಂಬಿಹೋಗುತ್ತವೆ, ಪಕ್ಕದವರನ್ನು ಹಿಡಿಯಲು ಯಾರಿಗೂ ಕೈ ಉಳಿಯುವುದಿಲ್ಲ, ಬಲೆ ಆಗುವ ಬದಲು ಪುಟ್ಟ ಪುಟ್ಟ ಗಂಟುಗಳಾಗುತ್ತವೆ. ಇವು ಕಸದ ಗಾಡಿಯ ಕಣ್ಣು ತಪ್ಪಿಸಿ ಸುತ್ತುತ್ತಾ ಇರುತ್ತವೆ. ಎಲ್ಲಿ ರಕ್ತ ಒತ್ತಡದಿಂದ ಸೋಸಿಹೋಗುತ್ತದೋ ಅಲ್ಲಿ, ಅಂದರೆ ಕಿಡ್ನಿಯ ಜರಡಿಯಲ್ಲಿ, ಕೀಲುಗಳ ಒಳಪೊರೆಯಲ್ಲಿ, ಚರ್ಮದ ಸಣ್ಣ ರಕ್ತನಾಳಗಳಲ್ಲಿ ಹೋಗಿ ಸಿಕ್ಕಿಕೊಳ್ಳುತ್ತವೆ. ಅಲ್ಲಿ ಮತ್ತೆ ಕಾಂಪ್ಲಿಮೆಂಟ್ ಬರುತ್ತದೆ, ಬಿಳಿ ರಕ್ತಕಣಗಳು ಬರುತ್ತವೆ, ಆ ಜಾಗ ಊದಿಕೊಳ್ಳುತ್ತದೆ.

ಇದು ಗೊತ್ತಾದದ್ದು ಒಂದು ಔಷಧಿಯಿಂದ. ನೂರಿಪ್ಪತ್ತು ವರ್ಷದ ಹಿಂದೆ ಗಂಟಲಮಾರಿ (ಡಿಫ್ತೀರಿಯಾ) ಬಂದ ಮಕ್ಕಳಿಗೆ ಕುದುರೆಯ ರಕ್ತದಿಂದ ತೆಗೆದ ಸೀರಂ ಚುಚ್ಚುತ್ತಿದ್ದರು. ಮಗು ಬದುಕುತ್ತಿತ್ತು. ಆದರೆ ಕೆಲವು ಮಕ್ಕಳಿಗೆ ಎಂಟು ಹತ್ತು ದಿನ ಕಳೆದ ಮೇಲೆ ಜ್ವರ, ಮೈಮೇಲೆ ದದ್ದು, ಕೀಲು ನೋವು, ಮೂತ್ರದಲ್ಲಿ ಪ್ರೋಟೀನ್ ಬರುತ್ತಿತ್ತು. ವಿಯೆನ್ನಾದಲ್ಲಿ ಮಕ್ಕಳ ಡಾಕ್ಟರುಗಳಾಗಿದ್ದ ಕ್ಲೆಮೆನ್ಸ್ ಫಾನ್ ಪಿರ್ಕೆ ಮತ್ತು ಬೇಲಾ ಶಿಕ್ ಇದನ್ನು ಹಾಸಿಗೆಯ ಪಕ್ಕ ನಿಂತು ದಿನ ಲೆಕ್ಕ ಹಾಕಿ ನೋಡಿದರು, 1905ರಲ್ಲಿ ಪುಸ್ತಕವನ್ನೇ ಬರೆದರು. ಸೀರಂನಲ್ಲಿ ವಿಷ ಇದ್ದಿದ್ದರೆ ಅವತ್ತೇ ಕಾಯಿಲೆ ಬರಬೇಕಿತ್ತು. ಎಂಟು ದಿನ ಯಾಕೆ ಕಾಯಬೇಕು? ಯಾಕೆಂದರೆ ಮಗುವಿನ ಮೈ ಕುದುರೆಯ ಪ್ರೋಟೀನ್‌ಗೆ ಆಂಟಿಬಾಡಿ ಮಾಡಿಕೊಳ್ಳಲು ಅಷ್ಟು ದಿನ ಬೇಕು. ಎರಡೂ ರಕ್ತದಲ್ಲಿ ಭೇಟಿಯಾದ ದಿನ ಕಾಯಿಲೆ ಶುರು. ಆ ಮಕ್ಕಳಲ್ಲಿ ಹೆಚ್ಚಿನವರು ತಾವಾಗಿಯೇ ಹುಷಾರಾಗುತ್ತಿದ್ದರು. ಸೀರಂ ಒಂದು ಸಲ ಕೊಟ್ಟದ್ದು, ಅದು ಮೈಯಿಂದ ಹೋದ ಮೇಲೆ ಗಂಟುಗಳೂ ಹೋದವು.

ನಿಮ್ಮ ತಂದೆಯವರ ವಿಷಯದಲ್ಲಿ ಸೀರಂ ಎರಡು ವರ್ಷದಿಂದ ಹನಿ ಹನಿಯಾಗಿ ಒಳಗೆ ಹೋಗುತ್ತಲೇ ಇದೆ ಅಂದುಕೊಳ್ಳಿ. ಆ ಹನಿ ಬರುತ್ತಿರುವುದು ಮೂಳೆಯಿಂದ.

ಮೂಳೆ ಸೋಂಕಿಗೆ ನಾವು ಆಸ್ಟಿಯೋಮೈಲೈಟಿಸ್ ಅಂತೀವಿ. ಎಲ್ಲಕ್ಕಿಂತ ಜಾಸ್ತಿ ಸಿಗುವ ಬ್ಯಾಕ್ಟೀರಿಯಾ ಸ್ಟಾಫಿಲೋಕಾಕಸ್ ಆರಿಯಸ್, ಚಿಕ್ಕದಾಗಿ ಸ್ಟಾಫ್. ನಮ್ಮ ಮೂಗಿನಲ್ಲಿ, ಚರ್ಮದ ಮೇಲೆ ಸುಮ್ನೆ ಬದುಕಿಕೊಂಡಿರುತ್ತದೆ. ಮೂಳೆ ಮುರಿದು ಹೊರಗೆ ಬಂದಾಗ ಒಳಗೆ ಸೇರಿಕೊಳ್ಳುತ್ತದೆ. ಮುರಿದ ಕಡೆ ಮೂಳೆಯ ರಕ್ತನಾಳಗಳು ಹರಿದಿರುತ್ತವೆ, ಕೀವಿನ ಒತ್ತಡಕ್ಕೆ ಉಳಿದವೂ ಮುಚ್ಚಿಹೋಗುತ್ತವೆ, ಆ ಭಾಗದ ಮೂಳೆ ಸಾಯುತ್ತದೆ. ಸತ್ತ ಮೂಳೆಗೆ ರಕ್ತ ಇಲ್ಲ. ರಕ್ತ ಇಲ್ಲದ ಕಡೆ ಬಿಳಿ ಕಣವೂ ಹೋಗುವುದಿಲ್ಲ, ನೀವು ನುಂಗಿಸಿದ ಮಾತ್ರೆಯೂ ಹೋಗುವುದಿಲ್ಲ. ಬ್ಯಾಕ್ಟೀರಿಯಾ ಆ ಚೂರಿನ ಮೇಲೆ, ರಾಡ್ ಮೇಲೆ, ಲೋಳೆಯಂಥ ಪದರ ಕಟ್ಟಿಕೊಂಡು ಅದರೊಳಗೆ ಕೂರುತ್ತದೆ. ಬಯೋಫಿಲ್ಮ್ ಅಂತಾರೆ. ಬಾವಿಯ ಒಳಗೋಡೆಯ ಪಾಚಿ ನೋಡಿದ್ದೀರಲ್ಲ, ಮೇಲೆ ನೀರು ಹೊಯ್ದರೆ ಹೋಗುವುದಿಲ್ಲ, ಉಜ್ಜಬೇಕು.

ಇದಕ್ಕಿಂತ ಆಶ್ಚರ್ಯದ ವಿಷಯ ಇನ್ನೊಂದಿದೆ. ಗಟ್ಟಿ ಮೂಳೆಯ ಒಳಗೆ ಕೂದಲಿಗಿಂತ ಎಷ್ಟೋ ಪಟ್ಟು ಸಣ್ಣ ಕಾಲುವೆಗಳಿವೆ, ಮೂಳೆಯ ಜೀವಕೋಶಗಳು ಒಂದಕ್ಕೊಂದು ಕೈ ಚಾಚಿಕೊಂಡಿರುವುದು ಆ ದಾರಿಯಲ್ಲೇ. 2017ರಲ್ಲಿ ಅಮೆರಿಕದ ರಾಚೆಸ್ಟರ್‌ನ ಸಂಶೋಧಕರು ಸೋಂಕಾದ ಇಲಿ ಮೂಳೆಯನ್ನು ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲಿ ನೋಡಿದಾಗ, ಗುಂಡಗಿರಬೇಕಾದ ಸ್ಟಾಫ್ ಬ್ಯಾಕ್ಟೀರಿಯಾ ಆ ಕಾಲುವೆಗಳಲ್ಲಿ ಉದ್ದುದ್ದ ಹಿಗ್ಗಿಕೊಂಡು ನುಗ್ಗಿರುವುದು ಕಂಡಿತು. ಆ ಚಿತ್ರಗಳನ್ನು ನೋಡಿದ ಮೇಲೆ ‘ಇನ್ನೊಂದು ಕೋರ್ಸ್ ಮಾತ್ರೆ ಕೊಟ್ಟು ನೋಡೋಣ’ ಅನ್ನುವ ಮಾತು ನನ್ನ ಬಾಯಲ್ಲಿ ಬರುವುದು ನಿಂತಿತು. ಅಂಥ ಸಂದಿಗೆ ಬಿಳಿ ರಕ್ತಕಣ ಹೇಗೆ ಹೋಗಬೇಕು?

ಆದರೆ ಬ್ಯಾಕ್ಟೀರಿಯಾದ ಚೂರುಗಳು, ಅದರ ಪ್ರೋಟೀನುಗಳು ಮಾತ್ರ ಆ ಸಂದಿಯಿಂದ ಹೊರಗೆ ಸೋರುತ್ತವೆ. ಮೈ ಅವನ್ನು ನೋಡುತ್ತದೆ, ಆಂಟಿಬಾಡಿ ಮಾಡುತ್ತದೆ, ಇನ್ನೂ ಮಾಡುತ್ತದೆ. ಬೆಂಕಿ ಒಂದು ಕಡೆ, ನೀರು ಬೀಳುವುದು ಹೊಗೆಯ ಮೇಲೆ.

ಸ್ಟಾಫ್ ಹತ್ತಿರ ಇನ್ನೂ ಒಂದು ಉಪಾಯ ಇದೆ. ಅದರ ಮೈಮೇಲೆ ಪ್ರೋಟೀನ್ ಎ ಅಂತ ಒಂದಿದೆ. ಆಂಟಿಬಾಡಿಗೆ ಕೈಗಳಿರುವ ಹಾಗೆ ಬಾಲವೂ ಇದೆ. ಕೈಯಲ್ಲಿ ಶತ್ರುವನ್ನು ಹಿಡಿದರೆ ಬಾಲ ಹೊರಗೆ ಚಾಚಿಕೊಳ್ಳುತ್ತದೆ, ಬಿಳಿ ಕಣ ಆ ಬಾಲ ಹಿಡಿದು ಎರಡನ್ನೂ ನುಂಗುತ್ತದೆ. ಪ್ರೋಟೀನ್ ಎ ಏನು ಮಾಡುತ್ತದೆ ಅಂದರೆ ಆ ಬಾಲವನ್ನೇ ಹಿಡಿದುಬಿಡುತ್ತದೆ. ಆಂಟಿಬಾಡಿ ತಲೆಕೆಳಗಾಗಿ ಅಂಟಿಕೊಳ್ಳುತ್ತದೆ, ಬಿಳಿ ಕಣಕ್ಕೆ ಹಿಡಿ ಸಿಗುವುದಿಲ್ಲ. ಈ ಹಿಡಿತ ಎಷ್ಟು ಗಟ್ಟಿ ಅಂದರೆ ಇವತ್ತು ಔಷಧ ಕಂಪನಿಗಳು ಆಂಟಿಬಾಡಿ ಔಷಧಿಗಳನ್ನು ಶುದ್ಧ ಮಾಡಲು ಇದೇ ಪ್ರೋಟೀನನ್ನು ಬಳಸುತ್ತವೆ.

ಈಗ ಮೂಳೆಗೇ ಏನಾಗುತ್ತದೆ ಅಂತ ನೋಡೋಣ, ನನಗೆ ಇದು ತುಂಬಾ ಮುಖ್ಯ ಅನಿಸುತ್ತದೆ. ಎಕ್ಸ್‌ರೇಯಲ್ಲಿ ಮೂಳೆ ಅಲ್ಲಲ್ಲಿ ಕರಗಿದ ಹಾಗೆ ಕಾಣುತ್ತದೆ. ‘ಹುಳ ತಿಂದ ಹಾಗಿದೆ’ ಅಂತ ಮನೆಯವರು ಹೇಳುತ್ತಾರೆ, ಬ್ಯಾಕ್ಟೀರಿಯಾ ಮೂಳೆ ತಿಂದಿದೆ ಅಂದುಕೊಳ್ಳುತ್ತಾರೆ. ಕರಗಿಸಿದ ಕೆಲಸದಲ್ಲಿ ದೊಡ್ಡ ಪಾಲು ನಮ್ಮದೇ ಕೋಶಗಳದ್ದು. ಆಸ್ಟಿಯೋಕ್ಲಾಸ್ಟ್ ಅಂತ ಅವುಗಳ ಹೆಸರು. ಹಳೆ ಮೂಳೆ ಕೆಡವಿ ಹೊಸದಕ್ಕೆ ಜಾಗ ಮಾಡುವುದು ಅವುಗಳ ದಿನದ ಕೆಲಸ. ಇವು ಹುಟ್ಟುವುದು ರಕ್ತದ ಬಿಳಿ ಕಣಗಳ ವಂಶದಲ್ಲೇ, ಮೋನೋಸೈಟ್ ಜಾತಿಯಿಂದ. ಹಾಗಾಗಿ ಆಂಟಿಬಾಡಿಯ ಬಾಲ ಹಿಡಿಯುವ ಕೊಕ್ಕೆ ಇವುಗಳಿಗೂ ಇದೆ! ಮೂಳೆ ಕರಗಿಸಲು ಇವಕ್ಕೆ ಮಾಮೂಲಿ ಆದೇಶ ಕೊಡುವುದು ರ‍್ಯಾಂಕ್‌ಎಲ್ ಅನ್ನುವ ಪ್ರೋಟೀನ್. ಆ ಆದೇಶದ ಜೊತೆಗೆ ಇಮ್ಯೂನ್ ಕಾಂಪ್ಲೆಕ್ಸ್ ಬಂದು ಕೊಕ್ಕೆಗೆ ಸಿಕ್ಕಿಕೊಂಡರೆ ಇನ್ನೂ ಜಾಸ್ತಿ ಕೋಶಗಳು ಆಸ್ಟಿಯೋಕ್ಲಾಸ್ಟ್ ಆಗುತ್ತವೆ, ಇನ್ನೂ ಜಾಸ್ತಿ ಮೂಳೆ ಕರಗುತ್ತದೆ. ಇಲಿಗಳಲ್ಲಿ, ಲ್ಯಾಬಿನಲ್ಲಿ ಬೆಳೆಸಿದ ಕೋಶಗಳಲ್ಲಿ ಇದನ್ನು ತೋರಿಸಿದ್ದಾರೆ. ಮನುಷ್ಯರಲ್ಲಿ ಇದರ ಹತ್ತಿರದ ಸಾಕ್ಷಿ ರುಮಟಾಯ್ಡ್ ಕೀಲುವಾತದ್ದು. ಅಲ್ಲಿ ಬ್ಯಾಕ್ಟೀರಿಯಾ ಇಲ್ಲ, ಆಂಟಿಬಾಡಿ ಇದೆ, ಕೀಲು ಊದುವ ಮೊದಲೇ ಕೆಲವರ ಮೂಳೆ ತೆಳ್ಳಗಾಗಲು ಶುರುವಾಗಿರುತ್ತದೆ.

ಇದರ ಜೊತೆಗೆ ಬಿಳಿ ಕಣಗಳ ಕಥೆ. ಗಂಟುಗಳು ಬಯೋಫಿಲ್ಮ್‌ಗೆ, ಸತ್ತ ಮೂಳೆಗೆ ಅಂಟಿಕೊಂಡಿರುತ್ತವೆ. ಕಾಂಪ್ಲಿಮೆಂಟ್‌ನ ಕರೆ ಕೇಳಿ ಬಿಳಿ ಕಣ ಓಡಿ ಬರುತ್ತದೆ, ನುಂಗಲು ಬಾಯಿ ತೆಗೆಯುತ್ತದೆ, ಆದರೆ ಗಂಟಿನ ಹಿಂದೆ ಇಡೀ ಮೂಳೆ ಇದೆ. ನುಂಗಲಾಗದೆ ತನ್ನ ಹೊಟ್ಟೆಯಲ್ಲಿದ್ದ ಕರಗಿಸುವ ರಸವನ್ನೆಲ್ಲ ಹೊರಗೇ ಸುರಿದುಬಿಡುತ್ತದೆ. ಪಕ್ಕದ ಒಳ್ಳೆ ಮೂಳೆಯೂ ಮಾಂಸವೂ ಅದಕ್ಕೆ ಸಿಕ್ಕಿ ಹಾಳಾಗುತ್ತದೆ. ನಿಮ್ಮ ತಂದೆಯ ಕಾಲಿನ ತೂತಿನಿಂದ ಬರುವ ಕೀವಿನಲ್ಲಿ ಹೀಗೆ ಸತ್ತ ಬಿಳಿ ಕಣಗಳೇ ಲಕ್ಷಗಟ್ಟಲೆ ಇರುತ್ತವೆ.

ಹಾಗಾದರೆ ಆಸ್ಟಿಯೋಕ್ಲಾಸ್ಟ್‌ಗಳನ್ನು ಔಷಧಿಯಿಂದ ಕಟ್ಟಿಹಾಕಬಹುದಲ್ವಾ ಅಂತ ಒಬ್ಬ ಓದುಗರು ಹಿಂದೆ ಕೇಳಿದ್ದರು. ಬೇಡ. ಅವು ಸತ್ತ ಮೂಳೆಗೂ ಜೀವ ಇರುವ ಮೂಳೆಗೂ ನಡುವೆ ಗಡಿ ಕೊರೆಯುವುದರಿಂದಲೇ ಸತ್ತ ಚೂರು ಬಿಡಿಯಾಗಿ ಹೊರಗೆ ಬರುವ ಹಾಗೆ ಆಗುತ್ತದೆ. ಮೂಳೆ ಕರಗುವುದನ್ನು ತಡೆಯುವ ಔಷಧಿ ತಗೊಳ್ಳುವವರಲ್ಲಿ ಕೆಲವರಿಗೆ ಹಲ್ಲು ಕಿತ್ತ ಮೇಲೆ ದವಡೆ ಮೂಳೆಯೇ ಸತ್ತು ಉಳಿದುಬಿಡುತ್ತದೆ. ಮೈ ಮಾಡುತ್ತಿರುವ ಈ ಕೆಲಸಕ್ಕೆ ಅರ್ಥ ಇದೆ. ಮುಗಿಸಲು ಮಾತ್ರ ಅದಕ್ಕೆ ಆಗುತ್ತಿಲ್ಲ.

ಇನ್ನು ಕಿಡ್ನಿ. ಇಲ್ಲಿ ನೀವು ಸ್ವಲ್ಪ ಹುಷಾರಾಗಿರಬೇಕು, ಯಾಕೆಂದರೆ ನಿಮ್ಮ ತಂದೆಯವರಂಥವರಲ್ಲಿ ಮೂತ್ರದಲ್ಲಿ ನೊರೆ ಬರಲು ಕಾರಣ ಒಂದೇ ಅಲ್ಲ. ನಿಮ್ಮ ಕಿಡ್ನಿ ಡಾಕ್ಟರು ‘ಇರಬಹುದು’ ಅಂದದ್ದು ಅದಕ್ಕೇ. ಇಮ್ಯೂನ್ ಕಾಂಪ್ಲೆಕ್ಸ್ ಜರಡಿಯಲ್ಲಿ ಕೂತಿದ್ದರೆ ಸಾಮಾನ್ಯವಾಗಿ ಮೂತ್ರದಲ್ಲಿ ಪ್ರೋಟೀನ್ ಜೊತೆ ರಕ್ತವೂ ಇರುತ್ತದೆ, ಬರಿಗಣ್ಣಿಗೆ ಕಾಣದಿದ್ದರೂ ಮೈಕ್ರೋಸ್ಕೋಪಿನಲ್ಲಿ ಕೆಂಪು ಕಣ ಸಿಗುತ್ತದೆ, ಕಿಡ್ನಿ ಹೊರಹಾಕಬೇಕಾದ ಕ್ರಿಯಾಟಿನಿನ್ ಅನ್ನುವ ಕಸ ರಕ್ತದಲ್ಲಿ ಕೆಲವೇ ವಾರದಲ್ಲಿ ಏರುತ್ತದೆ, ರಕ್ತದಲ್ಲಿ ಸಿ3 ಖರ್ಚಾಗಿ ಕಡಿಮೆ ಆಗಿರುತ್ತದೆ. ಸಿ3 ಸರಿ ಇದ್ದ ಮಾತ್ರಕ್ಕೆ ಇಲ್ಲ ಅನ್ನಲು ಆಗುವುದಿಲ್ಲ. ಸ್ಟಾಫ್ ಸೋಂಕಿನ ಈ ಕಿಡ್ನಿ ತೊಂದರೆ ವಯಸ್ಸಾದ, ಶುಗರ್ ಇರುವವರಲ್ಲೇ ಜಾಸ್ತಿ. ಬಯಾಪ್ಸಿಯಲ್ಲಿ, ಅಂದರೆ ಕಿಡ್ನಿಯ ಸಣ್ಣ ಚೂರು ತೆಗೆದು ನೋಡುವ ಪರೀಕ್ಷೆಯಲ್ಲಿ, ಎಷ್ಟೋ ಸಲ ಐಜಿಎ ಜಾತಿಯ ಆಂಟಿಬಾಡಿ ಮುಂದಾಗಿ ಕಾಣುತ್ತದೆ. ಮಕ್ಕಳಲ್ಲಿ ಗಂಟಲು ನೋವು ವಾಸಿಯಾಗಿ ಒಂದೆರಡು ವಾರ ಕಳೆದ ಮೇಲೆ ಬರುವ ಕಿಡ್ನಿ ಊತಕ್ಕೂ ಇದಕ್ಕೂ ಇರುವ ದೊಡ್ಡ ವ್ಯತ್ಯಾಸ ಇದು: ಅಲ್ಲಿ ಸೋಂಕು ಹೋಗಿಯಾಗಿದೆ, ಇಲ್ಲಿ ಸೋಂಕು ಇನ್ನೂ ಉರಿಯುತ್ತಿದೆ.

ಎರಡನೆಯದು ಶುಗರ್‌ನಿಂದಲೇ ಆಗುವ ಕಿಡ್ನಿ ತೊಂದರೆ. ಇದು ವರ್ಷಗಟ್ಟಲೆ ನಿಧಾನಕ್ಕೆ ಬರುತ್ತದೆ. ಅಪಘಾತದ ಸಮಯದ ಹಳೆ ಮೂತ್ರದ ರಿಪೋರ್ಟ್ ಮನೆಯಲ್ಲಿದ್ದರೆ ಹುಡುಕಿ ತೆಗೆಯಿರಿ, ಅದು ಚಿನ್ನದಂಥ ಕಾಗದ. ಮೂರನೆಯದು ಅಮೈಲಾಯ್ಡ್. ವರ್ಷಾನುಗಟ್ಟಲೆ ಕೀವು ಇದ್ದರೆ ಲಿವರ್ ಒಂದು ಪ್ರೋಟೀನನ್ನು ಮಿತಿಮೀರಿ ಮಾಡುತ್ತದೆ, ಅದು ಮುದುಡಿ ಕಿಡ್ನಿಯಲ್ಲಿ ತುಂಬಿಕೊಳ್ಳುತ್ತದೆ. ಇದು ಇಮ್ಯೂನ್ ಕಾಂಪ್ಲೆಕ್ಸ್ ಅಲ್ಲ, ಸಿ3 ಕಡಿಮೆ ಆಗುವುದಿಲ್ಲ, ಮೂತ್ರದಲ್ಲಿ ಪ್ರೋಟೀನ್ ಮಾತ್ರ ಬಹಳ ಹೋಗುತ್ತದೆ. ಇನ್ನು ಔಷಧಿಗಳು. ಜೆಂಟಾಮೈಸಿನ್, ಅಮಿಕಾಸಿನ್, ವ್ಯಾಂಕೋಮೈಸಿನ್ ಇಂಜೆಕ್ಷನ್‌ಗಳು ಕಿಡ್ನಿಗೆ ಪೆಟ್ಟು ಕೊಡಬಹುದು. ಅದಕ್ಕಿಂತ ನನಗೆ ಭಯ ಮೆಡಿಕಲ್ ಶಾಪಿನಲ್ಲಿ ಚೀಟಿ ಇಲ್ಲದೆ ಸಿಗುವ ಡೈಕ್ಲೋಫೆನಾಕ್‌ನಂಥ ನೋವಿನ ಮಾತ್ರೆಗಳದ್ದು. ಎರಡು ವರ್ಷದಲ್ಲಿ ಎಷ್ಟು ನುಂಗಿದ್ದಾರೆ ಅಂತ ತಂದೆಯನ್ನು ಕೂರಿಸಿಕೊಂಡು ಕೇಳಿ, ಕಿಡ್ನಿ ಡಾಕ್ಟರಿಗೆ ಮುಚ್ಚಿಡದೆ ಹೇಳಿ. ಈ ನಾಲ್ಕರಲ್ಲಿ ಯಾವುದು ಅಂತ ಬಿಡಿಸಲು ಅವರು ಕಿಡ್ನಿ ಬಯಾಪ್ಸಿ ಕೇಳಿದರೆ ಹೆದರಬೇಡಿ, ಮಾಡಿಸಿ.

ಇಮ್ಯೂನ್ ಕಾಂಪ್ಲೆಕ್ಸ್ ಟೆಸ್ಟ್ ಬೇಡ. ರಕ್ತದಲ್ಲಿ ಓಡಾಡುವ ಗಂಟುಗಳನ್ನು ಅಳೆಯುವ ವಿಧಾನಗಳು ಇವೆ. ಆದರೆ ಯಾವುದೇ ಸೋಂಕಿನಲ್ಲಿ ಅದು ಪಾಸಿಟಿವ್ ಬರಬಹುದು, ಆರೋಗ್ಯವಾಗಿರುವವರಲ್ಲೂ ಬರಬಹುದು. ಕಿಡ್ನಿಯಲ್ಲಿ ಕೂತುಬಿಟ್ಟ ಗಂಟು ಅದಕ್ಕೆ ಕಾಣುವುದೂ ಇಲ್ಲ. ಆ ದುಡ್ಡಿನಲ್ಲಿ ಸಿ3, ಅದೇ ಕಾಂಪ್ಲಿಮೆಂಟ್ ಗುಂಪಿನ ಸಿ4, ಕ್ರಿಯಾಟಿನಿನ್, ಮೂತ್ರದ ಪ್ರೋಟೀನ್ ಮತ್ತು ಕ್ರಿಯಾಟಿನಿನ್ ಅನುಪಾತ, ಮೈಯಲ್ಲಿ ಉರಿಯೂತ ಎಷ್ಟಿದೆ ಅಂತ ತೋರಿಸುವ ಸಿಆರ್‌ಪಿ ಮಾಡಿಸಿ. ಮೂಳೆ ಸೋಂಕು ಇಳಿಯುತ್ತಿದೆಯಾ ಅಂತ ನೋಡಲು ಅದೇ ಜಾತಿಯ ಇನ್ನೊಂದು ಟೆಸ್ಟ್ ಆದ ಇಎಸ್‌ಆರ್‌ಗಿಂತ ಸಿಆರ್‌ಪಿ ವಾಸಿ. ಅದು ಬೇಗ ಏರುತ್ತದೆ, ಸೋಂಕು ಹಿಡಿತಕ್ಕೆ ಬಂದರೆ ಬೇಗ ಇಳಿಯುತ್ತದೆ. ಇಎಸ್‌ಆರ್ ವಾರಗಟ್ಟಲೆ ಎಳೆದಾಡುತ್ತದೆ.

ತೂತಿನ ಬಾಯಿಯಿಂದ ಹತ್ತಿಯಲ್ಲಿ ಒರೆಸಿ ಕಳಿಸಿದ ಕಲ್ಚರ್ (ಯಾವ ಬ್ಯಾಕ್ಟೀರಿಯಾ ಅಂತ ಲ್ಯಾಬಿನಲ್ಲಿ ಬೆಳೆಸಿ ನೋಡುವ ಪರೀಕ್ಷೆ) ರಿಪೋರ್ಟ್ ನಿಮ್ಮ ಹತ್ತಿರ ನಾಲ್ಕಾರು ಇರಬಹುದು. ಅವನ್ನು ಪೂರ್ತಿ ನಂಬಬೇಡಿ. ಚರ್ಮದ ಮೇಲೆ ಸಿಗುವುದು ಬೇರೆ, ಮೂಳೆಯ ಒಳಗಿರುವುದು ಬೇರೆ. ನಾನೂ ಶುರುವಿನ ವರ್ಷಗಳಲ್ಲಿ ಆ ರಿಪೋರ್ಟ್ ನೋಡಿಯೇ ಮಾತ್ರೆ ಬದಲಾಯಿಸುತ್ತಾ ಹೋಗಿದ್ದೆ. ಒಬ್ಬ ರೈತರಿಗೆ ಹೀಗೆ ಎಂಟು ತಿಂಗಳು ಹಾಳು ಮಾಡಿದ್ದೇನೆ, ಅದು ನನಗೆ ಇವತ್ತಿಗೂ ಬೇಜಾರು. ಆಪರೇಶನ್‌ನಲ್ಲಿ ಆಳದಿಂದ ತೆಗೆದ ಮೂಳೆ ಚೂರುಗಳು, ಒಂದಲ್ಲ ಐದಾರು ಜಾಗದ್ದು, ಕಲ್ಚರ್‌ಗೆ ಹೋಗಬೇಕು. ತಂದೆಯವರ ಸ್ಥಿತಿ ತಡೆಯುವ ಹಾಗಿದ್ದರೆ ಅದಕ್ಕೆ ಮೊದಲು ಎರಡು ವಾರ ಆಂಟಿಬಯೋಟಿಕ್ ನಿಲ್ಲಿಸಿರುವುದು ಒಳ್ಳೆಯದು. ನಿಲ್ಲಿಸುವುದನ್ನು ನೀವಾಗಿ ಮಾಡಬೇಡಿ, ಡಾಕ್ಟರಿಗೆ ಕೇಳಿ. ಒಂದು ಚೂರು ಟಿಬಿ ಪರೀಕ್ಷೆಗೂ ಹೋಗಲಿ, ನಮ್ಮ ದೇಶದಲ್ಲಿ ಅದನ್ನು ಮರೆಯುವ ಹಾಗಿಲ್ಲ. ನೀವು ಉಡುಪಿ, ಮಂಗಳೂರು ಕಡೆಯವರಾದರೆ ಮೆಲಿಯೋಯ್ಡೋಸಿಸ್ ಅನ್ನುವ ಹೆಸರನ್ನೂ ಡಾಕ್ಟರ ಹತ್ತಿರ ಎತ್ತಿ. ಮಣ್ಣು, ನೀರಿನಿಂದ ಬರುವ ಈ ಬ್ಯಾಕ್ಟೀರಿಯಾ ಕರಾವಳಿಯಲ್ಲಿದೆ, ಶುಗರ್ ಇರುವವರನ್ನೇ ಜಾಸ್ತಿ ಹಿಡಿಯುತ್ತದೆ, ಮೂಳೆಗೂ ಬರುತ್ತದೆ, ಅದರ ಔಷಧಿಯೇ ಬೇರೆ.

ಆಪರೇಶನ್‌ನಲ್ಲಿ ಏನು ಮಾಡುತ್ತೇವೆ ಅಂತ ಹೇಳಿಬಿಡುತ್ತೇನೆ. ಆ ರೈತರ ಕಾಲನ್ನು ಕೊನೆಗೂ ತೆರೆದಾಗ ಹೊಸ ಮೂಳೆಯ ಒಂದು ಗೂಡು ಇತ್ತು, ಅದರೊಳಗೆ ಸತ್ತ ಮೂಳೆಯ ಚೂರು ಸಡಿಲವಾಗಿ ಅಲುಗಾಡುತ್ತಿತ್ತು. ಅರ್ಧ ಬೆರಳುದ್ದ ಇರಬಹುದು. ಜೀವ ಇರುವ ಮೂಳೆ ತಿಳಿ ಗುಲಾಬಿ ಬಣ್ಣ, ಕೆರೆದರೆ ರಕ್ತ ಜಿನುಗುತ್ತದೆ. ಇದು ಹಳೆ ದಂತದ ಹಾಗೆ ಬಿಳಿಚಿತ್ತು, ಅಂಚೆಲ್ಲ ಗರಗಸದ ಹಲ್ಲಿನ ಹಾಗೆ, ಒಂದು ಹನಿ ರಕ್ತ ಇಲ್ಲ. ಸ್ಟೀಲ್ ಟ್ರೇಗೆ ಹಾಕಿದಾಗ ಟಣ್ ಅಂತ ಸದ್ದಾಯಿತು. ಅದನ್ನು ತೆಗೆದ ಮೇಲೆ ಉಳಿದ ಮೂಳೆಯನ್ನು ಕೆರೆಯುತ್ತಾ ಹೋಗಬೇಕು, ಎಲ್ಲಿಯವರೆಗೆ ಅಂದರೆ ಮೂಳೆಯ ಮೇಲೆ ಖಾರದಪುಡಿ ಉದುರಿಸಿದ ಹಾಗೆ ಕೆಂಪು ಚುಕ್ಕೆಗಳು ಏಳುವವರೆಗೆ. ಆ ಚುಕ್ಕೆ ಕಂಡರೆ ಅಲ್ಲಿ ರಕ್ತ ಓಡಾಡುತ್ತಿದೆ, ಔಷಧಿ ಅಲ್ಲಿಗೆ ತಲುಪುತ್ತದೆ. ರಾಡ್ ತೆಗೆಯಬೇಕು. ಮೂಳೆ ಕೂಡಿಲ್ಲದಿದ್ದರೆ ಹೊರಗಿನಿಂದ ಫ್ರೇಮ್ ಹಾಕಿ ನಿಲ್ಲಿಸಬೇಕಾಗಬಹುದು. ಖಾಲಿಯಾದ ಜಾಗದಲ್ಲಿ ಆಂಟಿಬಯೋಟಿಕ್ ಬೆರೆಸಿದ ಸಿಮೆಂಟ್ ಮಣಿಗಳನ್ನು ಇಡುತ್ತೇವೆ. ನಿಮ್ಮ ತಂದೆಯ ಕಿಡ್ನಿ ಈಗ ಸೂಕ್ಷ್ಮ ಇರುವುದರಿಂದ ಯಾವ ಆಂಟಿಬಯೋಟಿಕ್, ಎಷ್ಟು ಅನ್ನುವುದನ್ನು ಇಬ್ಬರೂ ಡಾಕ್ಟರು ಮಾತಾಡಿಕೊಂಡು ನಿರ್ಧರಿಸಲಿ. ಇದನ್ನು ನೀವು ಬಾಯಿಬಿಟ್ಟು ಕೇಳಿ, ಸಂಕೋಚ ಬೇಡ.

ಆಮೇಲೆ ಸುಮಾರು ಆರು ವಾರ ಔಷಧಿ. ಆರು ವಾರವೂ ಆಸ್ಪತ್ರೆಯಲ್ಲಿ ಡ್ರಿಪ್ ಹಾಕಿಸಿಕೊಂಡೇ ಮಲಗಬೇಕು ಅಂತ ಹಿಂದೆ ನಂಬಿದ್ದೆವು. ಬ್ರಿಟನ್‌ನ 26 ಆಸ್ಪತ್ರೆ ಕೇಂದ್ರಗಳಲ್ಲಿ 1,054 ಮೂಳೆ ಮತ್ತು ಕೀಲು ಸೋಂಕಿನ ರೋಗಿಗಳ ಮೇಲೆ ನಡೆದ ಓವಿವಾ ಅಧ್ಯಯನ 2019ರಲ್ಲಿ ಪ್ರಕಟವಾಯಿತು. ಒಂದು ವರ್ಷದಲ್ಲಿ ಚಿಕಿತ್ಸೆ ಸೋತದ್ದು ಇಂಜೆಕ್ಷನ್ ಗುಂಪಿನಲ್ಲಿ 14.6%, ಮಾತ್ರೆ ಗುಂಪಿನಲ್ಲಿ 13.2%. ಅಂದರೆ ಸರಿಯಾದ ಮಾತ್ರೆ ಆರಿಸಿದರೆ ಇಂಜೆಕ್ಷನ್‌ಗೆ ಕಡಿಮೆ ಏನಿಲ್ಲ. ಆದರೆ ಒಂದು ಮಾತು ಗಮನಿಸಿ. ಆ ರೋಗಿಗಳಲ್ಲಿ ಬಹುಪಾಲು ಜನರಿಗೆ ಮೊದಲು ಆಪರೇಶನ್ ಆಗಿತ್ತು. ನಿಮ್ಮ ತಂದೆಗೆ ಎರಡು ವರ್ಷ ಕೊಟ್ಟ ಮಾತ್ರೆ ಕೆಟ್ಟದ್ದೇನಲ್ಲ, ಸತ್ತ ಮೂಳೆ ಒಳಗಿಟ್ಟುಕೊಂಡು ಕೊಟ್ಟದ್ದು ಉಪಯೋಗಕ್ಕೆ ಬರಲಿಲ್ಲ.

ಈಗ ನಿಮ್ಮ ಜಾಸ್ತಿ ಕಮ್ಮಿಯ ಪ್ರಶ್ನೆ. ಕಮ್ಮಿ ಮಾಡುವುದು ಅಂದರೆ ಸ್ಟೀರಾಯ್ಡ್. ಬೇರೆ ಕೆಲವು ಕಿಡ್ನಿ ಊತಗಳಿಗೆ ಅದೇ ಮದ್ದು, ಹಾಗಾಗಿ ಯಾರಾದರೂ ಸಲಹೆ ಕೊಟ್ಟಾರು. ಕಾಲಿನಲ್ಲಿ ಕೀವು ಇರುವಾಗ, ಶುಗರ್ ಇರುವಾಗ ಸ್ಟೀರಾಯ್ಡ್ ಕೊಟ್ಟರೆ ಸೋಂಕು ರಕ್ತಕ್ಕೆ ಹಬ್ಬುವ ಅಪಾಯ ಇದೆ. ಈ ಜಾತಿಯ ತೊಂದರೆಯಲ್ಲಿ ಮೊದಲ ಚಿಕಿತ್ಸೆ ಸೋಂಕಿನದ್ದೇ. ಜಾಸ್ತಿ ಮಾಡುವುದು ಅಂದರೆ ಇಮ್ಯೂನಿಟಿ ಪುಡಿ, ಕಷಾಯ. ಆಂಟಿಬಾಡಿ ಜಾಸ್ತಿ ಆದರೆ ಒಳ್ಳೆಯದೇ ಆಗುತ್ತದೆ ಅಂತ ದೊಡ್ಡ ವಿಜ್ಞಾನಿಗಳೂ ಅಂದುಕೊಂಡಿದ್ದರು. ಮರ್ಕ್ ಕಂಪನಿ ಸ್ಟಾಫ್ ವಿರುದ್ಧ ವಿ710 ಅನ್ನುವ ಲಸಿಕೆ ಮಾಡಿ, ಎದೆ ಆಪರೇಶನ್‌ಗೆ ಹೋಗುವ ಸುಮಾರು 8,000 ಜನರಲ್ಲಿ ಪರೀಕ್ಷೆ ನಡೆಸಿತು. ಆಂಟಿಬಾಡಿ ಚೆನ್ನಾಗಿಯೇ ಏರಿತು. ಸೋಂಕು ಕಡಿಮೆ ಆಗಲಿಲ್ಲ. ಆಮೇಲೆ ಸ್ಟಾಫ್ ಸೋಂಕು ಬಂದವರಲ್ಲಿ ಲಸಿಕೆ ಪಡೆದವರೇ ಜಾಸ್ತಿ ಸತ್ತರು. ಪರೀಕ್ಷೆಯನ್ನು ಮಧ್ಯದಲ್ಲೇ ನಿಲ್ಲಿಸಿದರು, 2013ರಲ್ಲಿ ವಿವರ ಪ್ರಕಟವಾಯಿತು. ಪುಡಿ, ಭಸ್ಮಗಳ ವಿಷಯದಲ್ಲಿ ಇನ್ನೂ ಒಂದು ಎಚ್ಚರಿಕೆ: ಕೆಲವು ನಾಟಿ ಔಷಧಿಗಳಲ್ಲಿ ಪಾದರಸ ಇರುತ್ತದೆ, ಅದು ನೇರವಾಗಿ ಕಿಡ್ನಿಗೇ ಪೆಟ್ಟು. ಒಳಗೇನಿದೆ ಅಂತ ಬರೆದಿಲ್ಲದ ಯಾವುದನ್ನೂ ಈಗ ಕೊಡಬೇಡಿ.

ನಂಜಿನ ಪಥ್ಯ. ನಮ್ಮ ಅಜ್ಜಿಯೂ ಗಾಯ ಆದರೆ ಬದನೆಕಾಯಿ ಮುಟ್ಟಿಸುತ್ತಿರಲಿಲ್ಲ, ಆ ಕಾಳಜಿ ನನಗೆ ಅರ್ಥವಾಗುತ್ತದೆ. ಆದರೆ ನಿಮ್ಮ ತಂದೆಯ ಗಂಟುಗಳಲ್ಲಿರುವ ಆಂಟಿಜೆನ್ ಮೊಟ್ಟೆಯದ್ದಲ್ಲ, ಕಡಲೆಕಾಯಿಯದ್ದೂ ಅಲ್ಲ, ಮೂಳೆಯಲ್ಲಿ ಕೂತ ಬ್ಯಾಕ್ಟೀರಿಯಾದ್ದು. ಮೂತ್ರದಲ್ಲಿ ಪ್ರೋಟೀನ್ ಹೋಗುತ್ತಿದೆ, ಕೀವಿನಲ್ಲೂ ಹೋಗುತ್ತಿದೆ, ಊಟದಲ್ಲೂ ನಿಲ್ಲಿಸಿದರೆ ಗಾಯ ಕೂಡಲು ಏನು ಉಳಿಯುತ್ತದೆ? ಎಷ್ಟು ಪ್ರೋಟೀನ್, ಎಷ್ಟು ಉಪ್ಪು ಅನ್ನುವುದನ್ನು ಕಿಡ್ನಿ ಡಾಕ್ಟರು ಲೆಕ್ಕ ಹಾಕಿ ಹೇಳಲಿ. ಉಪ್ಪಿನಕಾಯಿ, ಹಪ್ಪಳ ಇವತ್ತಿನಿಂದಲೇ ನಿಲ್ಲಿಸಬಹುದು, ಪಾದದ ಊತಕ್ಕೆ ಅದು ಒಳ್ಳೆಯದು. ತಂದೆ ಬೀಡಿ ಸೇದುತ್ತಿದ್ದರೆ ಅದನ್ನೂ. ಮೂಳೆಗೆ ಹೋಗುವ ರಕ್ತವನ್ನು ಅದು ಕಡಿಮೆ ಮಾಡುತ್ತದೆ.

ಕಿಡ್ನಿ ಪೂರ್ತಿ ಸರಿ ಹೋಗುತ್ತಾ? ಸೋಂಕಿನ ಮೂಲ ಹೋದರೆ ಸಿ3 ಕೆಲವು ವಾರಗಳಲ್ಲಿ ಮೇಲೇರುವುದನ್ನು, ನೊರೆ ತಿಂಗಳುಗಳಲ್ಲಿ ಕಡಿಮೆ ಆಗುವುದನ್ನು ನೋಡಿದ್ದೇನೆ. ಆ ರೈತರಿಗೆ ಹಾಗೇ ಆಯಿತು. ಆದರೆ ಶುಗರ್ ಇರುವ, 60 ದಾಟಿದವರಲ್ಲಿ ಎಲ್ಲರಿಗೂ ಹಾಗಾಗುವುದಿಲ್ಲ, ಕೆಲವರಿಗೆ ಅರ್ಧಕ್ಕೇ ನಿಲ್ಲುತ್ತದೆ, ಕೆಲವರಿಗೆ ಡಯಾಲಿಸಿಸ್ ಬೇಕಾಗುತ್ತದೆ. ತಡ ಮಾಡಿದಷ್ಟೂ ಜರಡಿಯಲ್ಲಿ ಕಲೆ ಗಟ್ಟಿಯಾಗುತ್ತಾ ಹೋಗುತ್ತದೆ. ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಈ ವಾರವೇ ಹಳೆ ಎಕ್ಸ್‌ರೇ, ಕಲ್ಚರ್ ರಿಪೋರ್ಟ್, ಹಳೆ ಮೂತ್ರದ ರಿಪೋರ್ಟ್, ನುಂಗಿದ ಮಾತ್ರೆಗಳ ಖಾಲಿ ಸ್ಟ್ರಿಪ್ ಎಲ್ಲ ಒಂದು ಚೀಲದಲ್ಲಿ ಹಾಕಿಕೊಂಡು ಮೂಳೆ ಡಾಕ್ಟರನ್ನೂ ಕಿಡ್ನಿ ಡಾಕ್ಟರನ್ನೂ ನೋಡಿ, ಆದರೆ ಒಂದೇ ಆಸ್ಪತ್ರೆಯಲ್ಲಿ. ಅಲ್ಲಿಯವರೆಗೆ ದಿನಾ ಬೆಳಿಗ್ಗೆ ತಿಂಡಿಗೆ ಮುಂಚೆ ತಂದೆಯ ತೂಕ ನೋಡಿ ಬರೆದಿಡಿ, ಬಿಪಿಯೂ ಸಾಧ್ಯವಾದರೆ. ಎರಡು ದಿನದಲ್ಲಿ ಎರಡು ಕಿಲೋ ಏರಿದರೆ, ಮೂತ್ರ ಕಡಿಮೆ ಆದರೆ ಅಥವಾ ಟೀ ಬಣ್ಣಕ್ಕೆ ತಿರುಗಿದರೆ, ಮಲಗಿದಾಗ ಉಸಿರು ಕಟ್ಟಿದರೆ, ಚಳಿ ಜ್ವರ ಬಂದರೆ ಅಪಾಯಿಂಟ್‌ಮೆಂಟ್‌ಗೆ ಕಾಯದೆ ಅವತ್ತೇ ಎಮರ್ಜೆನ್ಸಿಗೆ ಕರೆದುಕೊಂಡು ಹೋಗಿ.